ಮುಕ್ತ ತಂತ್ರಾಂಶ: ಪರವಾನಗಿಗಳ ಹೊಂದಾಣಿಕೆ

ಉಚಿತವಾಗಿ ದೊರೆಯುವ ತಂತ್ರಾಂಶ ಭಾಗಗಳನ್ನು ಜೋಡಿಸಿ ಯಂತ್ರದೊಡನೆ ಮಾರುವ ತಯಾರಕರು ಮೊದಲು ಅವುಗಳ ಪರವಾನಗಿಯನ್ನು ಪರಿಶೀಲಿಸತಕ್ಕದ್ದು. ಜಿಪಿಎಲ್ ಉಲ್ಲಂಘಿಸಿದ ರೌಟರ್ ಮಾರಾಟಕ್ಕೆ 2004ರಲ್ಲಿ ಮ್ಯೂನಿಕ್ ನ್ಯಾಯಾಲಯ ತಡೆ ನೀಡಿತ್ತು; ಪ್ರೋಗ್ರಾಂ ಬೇರೆಯವರು ಬರೆದುಕೊಟ್ಟರೆಂಬ ನೆಪ ಮಾರುವವರನ್ನು ಉಳಿಸದು.

1991ರ ಜಿಪಿಎಲ್ ಎರಡನೆಯ ಆವೃತ್ತಿಯು, ತನ್ನ ಭಾಗವುಳ್ಳ ಇಡೀ ಕೃತಿಯನ್ನು ಅದೇ ಷರತ್ತಿನಡಿ ವಿತರಿಸಬೇಕೆಂದೂ ಹೆಚ್ಚಿನ ನಿರ್ಬಂಧ ಹೇರಕೂಡದೆಂದೂ ವಿಧಿಸುತ್ತದೆ. 2004ರ ಅಪಾಚೆ 2.0ರಲ್ಲಾದರೋ, ಆ ತಂತ್ರಾಂಶದ ವಿರುದ್ಧ ಪೇಟೆಂಟ್ ದಾವೆ ಹೂಡಿದವರಿಗೆ ಕೊಟ್ಟ ಪೇಟೆಂಟ್ ಅನುಮತಿ ರದ್ದಾಗುತ್ತದೆ. ಇದನ್ನು ಹೆಚ್ಚಿನ ನಿರ್ಬಂಧವೆಂದೇ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಣಿಸಿದೆ. ಆದ್ದರಿಂದ ಇವೆರಡನ್ನು ಒಂದೇ ಕೃತಿಯಾಗಿ ಬೆಸೆದು ಮಾರುವುದು ಅಪಾಯಕರ.

2007ರ ಮೂರನೆಯ ಆವೃತ್ತಿಯು ತೊಡಕನ್ನು ಬಿಡಿಸಿತು, ಅದೂ ಒಂದೇ ದಿಕ್ಕಿನಲ್ಲಿ: ಬೆಸೆದ ಕೃತಿಯು ಜಿಪಿಎಲ್‌ಗೇ ಒಳಪಡುತ್ತದೆ. ಹಳೆಯ ಭಾಗದಲ್ಲಿ ‘ಎರಡನೆಯ ಅಥವಾ ನಂತರದ ಆವೃತ್ತಿ’ ಎಂದಿದ್ದರೆ ಮೂರನೆಯದನ್ನು ಆಯ್ದುಕೊಳ್ಳಬಹುದು. ‘ಎರಡನೆಯದು ಮಾತ್ರ’ ಎಂದಿದ್ದರೆ ಆ ದಾರಿಯಿಲ್ಲ. ಸ್ವಂತ ಕಾರ್ಖಾನೆಯೊಳಗಿನ ಬಳಕೆಯು ವಿತರಣೆಯಾಗದ ಕಾರಣ ಈ ತೊಡಕು ಅಲ್ಲಿ ಏಳದು.