ಕಿವಿ ಮಷೀನು: ರೂಢಿ ಮತ್ತು ಜೋಪಾನ

ನಮ್ಮ ಇಂಗಳೇಶ್ವರ, ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರೊಳಗೆ ಸಾವಿರಾರು ರೂಪಾಯಿ ಕೊಟ್ಟು ತಂದ, ಇಲ್ಲವೆ ಸರಕಾರದ ಶಿಬಿರದಲ್ಲಿ ಸಿಕ್ಕ ಶ್ರವಣ ಯಂತ್ರ. ಕಿವಿ ಕೇಳದ ದಾದಾ ಅಥವಾ ದಾದಿ ಅದೇ ಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಕೇಳಿದರೆ ಒಂದೇ ಉತ್ತರ: "ಹಾಕ್ಕೊಂಡ್ರ ಬರೇ ಗದ್ದಲ ಕೇಳತೈತಿ ಡಾಕ್ಟರೇ."

ಈ ದೂರು ಸುಳ್ಳಲ್ಲ. ಆದರೆ ಅದಕ್ಕೆ ಯಂತ್ರ ಕೆಟ್ಟಿರುವುದೇ ಕಾರಣ ಎನ್ನುವಂತಿಲ್ಲ. ಕನ್ನಡಕ ಹಾಕಿದ ಕೂಡಲೇ ಕಣ್ಣು ಕಾಣುತ್ತದೆ, ಶ್ರವಣ ಯಂತ್ರ ಹಾಗಲ್ಲ. ಅದನ್ನು ರೂಢಿ ಮಾಡಿಕೊಳ್ಳಲು ಕೆಲವು ವಾರಗಳು ಬೇಕು, ಜೋಪಾನ ಮಾಡಲು ದಿನಕ್ಕೆ ಐದು ನಿಮಿಷ ಬೇಕು. ಇವೆರಡನ್ನೂ ಮನೆಯವರು ಸೇರಿ ಮಾಡಿದರೆ ಕಪಾಟಿನ ಯಂತ್ರ ಮತ್ತೆ ಕಿವಿಗೆ ಬರುತ್ತದೆ.

ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ಕೇಳಿಸದವರು ಮೊದಲು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಜನರ ನಡುವೆ ಕೂರುವುದನ್ನೇ ಬಿಡುತ್ತಾರೆ. ಮುಪ್ಪಿನ ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಆಯೋಗ 2020ರಲ್ಲಿ ನೀಡಿದ ವರದಿಯು, ತಡೆಯಲು ಸಾಧ್ಯವಿರುವ ಅಪಾಯಗಳ ಪಟ್ಟಿಯಲ್ಲಿ ಶ್ರವಣ ನಷ್ಟವನ್ನೂ ಸೇರಿಸಿದೆ.

ಮೊದಲು ಪರೀಕ್ಷೆ, ಆಮೇಲೆ ಯಂತ್ರ

ಸಂತೆಯಲ್ಲಿ, ಔಷಧ ಅಂಗಡಿಯಲ್ಲಿ, ಮೊಬೈಲಿನ ಜಾಹೀರಾತು ನೋಡಿ ಯಂತ್ರ ಕೊಳ್ಳಬೇಡಿ. ಮೊದಲು ಕಿವಿ-ಮೂಗು-ಗಂಟಲು ತಜ್ಞರು ಕಿವಿಯೊಳಗೆ ನೋಡಬೇಕು. ಬರೀ ಗುಗ್ಗೆ ತುಂಬಿ ಕಿವಿ ಮುಚ್ಚಿರಬಹುದು, ಅದನ್ನು ತೆಗೆದರೆ ಯಂತ್ರವೇ ಬೇಡವಾಗಬಹುದು. ಕಿವಿಯ ತಮಟೆಯಲ್ಲಿ ತೂತಿರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಆಮೇಲೆ ಆಡಿಯಾಲಜಿಸ್ಟ್ ಶ್ರವಣ ಪರೀಕ್ಷೆ ಮಾಡಿ ಆಡಿಯೋಗ್ರಾಂ ಎಂಬ ನಕ್ಷೆ ಕೊಡುತ್ತಾರೆ. ಯಾವ ಸ್ವರ ಎಷ್ಟು ಡೆಸಿಬಲ್‌ಗೆ ಕೇಳುತ್ತದೆ ಎಂಬುದು ಅದರಲ್ಲಿರುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್ ಇರುತ್ತದೆ.

ಯುನಾನಿ ವೈದ್ಯನಾಗಿ ಒಂದು ಮಾತು ಹೇಳಲೇಬೇಕು. ಕಿವಿ ಮಂದವಾಗುವುದನ್ನು ನಮ್ಮ ಪದ್ಧತಿಯಲ್ಲಿ ಸಿಕ್ಲೆ ಸಮಾಅತ್ ಎನ್ನುತ್ತೇವೆ. ಇಬ್ನ್ ಸೀನಾರ 'ಅಲ್ ಕಾನೂನ್' ಗ್ರಂಥದ ಮೂರನೆಯ ಭಾಗದಲ್ಲಿ ಕಿವಿಯ ಕಾಯಿಲೆಗಳ ವಿವರವಿದೆ. ಹಾಗೆಂದು ಮನೆಯಲ್ಲಿ ಎಣ್ಣೆ ಬಿಸಿ ಮಾಡಿ ಕಿವಿಗೆ ಸುರಿಯುವುದು ಯುನಾನಿ ಚಿಕಿತ್ಸೆಯಲ್ಲ. ತಮಟೆ ತೂತಾಗಿದ್ದರೆ ಆ ಎಣ್ಣೆ ಒಳಗಿಳಿದು ಸೋಂಕು ತರುತ್ತದೆ. ವಯಸ್ಸಿನಿಂದ ಒಳಗಿವಿಯ ನರಕೋಶಗಳು ಸವೆದಿದ್ದರೆ ಯಾವ ಎಣ್ಣೆಯೂ ಅವನ್ನು ಮರಳಿ ತರುವುದಿಲ್ಲ. ಅಲ್ಲಿ ಯಂತ್ರವೇ ಸರಿಯಾದ ದಾರಿ.

ಇದ್ದಕ್ಕಿದ್ದಂತೆ ಒಂದೇ ದಿನದಲ್ಲಿ ಕಿವಿ ಕೇಳದಾದರೆ ಅದು ತುರ್ತು ಸಮಸ್ಯೆ. ಯಂತ್ರದ ಯೋಚನೆ ಬಿಟ್ಟು ಅಂದೇ ತಜ್ಞರ ಬಳಿ ಹೋಗಿ. ದಿನಗಳು ಕಳೆದಷ್ಟೂ ಶ್ರವಣ ಮರಳುವ ಸಾಧ್ಯತೆ ಕುಗ್ಗುತ್ತದೆ. ಕೀವು ಸೋರುವುದು, ತಲೆ ಸುತ್ತುವುದು, ಒಂದೇ ಕಿವಿ ಮಂದವಾಗುವುದು ಇವಕ್ಕೂ ಮೊದಲು ತಪಾಸಣೆಯೇ ಬೇಕು.

ಡಿಜಿಟಲ್ ಯಂತ್ರ ಏನು ಮಾಡುತ್ತದೆ?

ಹಳೆಯ ಕಾಲದ ಯಂತ್ರ ಎಲ್ಲ ಶಬ್ದವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಜೋರು ಮಾಡುತ್ತಿತ್ತು. ಡಿಜಿಟಲ್ ಯಂತ್ರದ ಮೈಕ್ ಶಬ್ದವನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದನ್ನು ಅಂಕಿಗಳಾಗಿ ಬದಲಿಸಿ, ನಿಮಗೆ ಯಾವ ಸ್ವರ ಕಡಿಮೆ ಕೇಳುತ್ತದೋ ಅದನ್ನು ಮಾತ್ರ ಹೆಚ್ಚಿಸುತ್ತದೆ. ಆಮೇಲೆ ಪುಟ್ಟ ಸ್ಪೀಕರ್ ಅದನ್ನು ಕಿವಿಗೆ ಬಿಡುತ್ತದೆ.

ಮುಪ್ಪಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. 'ಸಾಲು', 'ಕಾಲು', 'ಹಾಲು' ಮೂರೂ ಒಂದೇ ರೀತಿ ಕೇಳುತ್ತವೆ. "ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ" ಎಂದು ಹಿರಿಯರು ಹೇಳುವುದು ಇದಕ್ಕೇ.

ಯಂತ್ರವನ್ನು ಒಬ್ಬರ ಆಡಿಯೋಗ್ರಾಂ ನೋಡಿ ಅವರಿಗೆಂದೇ ಹೊಂದಿಸಿರುತ್ತಾರೆ. ಆದ್ದರಿಂದ ತೀರಿಹೋದ ನಾನಾ ಅವರ ಯಂತ್ರವನ್ನು ದಾದಿಗೆ ಹಾಕುವುದು ಸರಿಯಲ್ಲ. ಶಬ್ದ ಅತಿಯಾದರೆ ಉಳಿದಿರುವ ಶ್ರವಣಕ್ಕೂ ಹಾನಿ. ಎರಡು ಯಂತ್ರಗಳಿದ್ದರೆ ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ.

ಮೊದಲ ತಿಂಗಳ ಪಾಠ

ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮೆದುಳಿಗೆ ಯಂತ್ರ ಹಾಕಿದ ದಿನ ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಕಾಗದದ ಸರಸರ ಎಲ್ಲವೂ ಒಮ್ಮೆಗೇ ನುಗ್ಗುತ್ತವೆ. ತನ್ನದೇ ಮಾತು ಕೊಡದೊಳಗೆ ಮಾತಾಡಿದಂತೆ ಕೇಳುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಮೆದುಳು ಮತ್ತೆ ಕಲಿಯಬೇಕು. ಆಡಿಯಾಲಜಿಸ್ಟ್ ಬೇರೆ ಕ್ರಮ ಹೇಳಿರದಿದ್ದರೆ ಹೀಗೆ ಮಾಡಿ:

ಮೊದಲ ವಾರ: ದಿನಕ್ಕೆ ಎರಡು-ಮೂರು ತಾಸು. ಟಿ.ವಿ. ಇಲ್ಲದ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತು.

ಎರಡನೆಯ ವಾರ: ನಾಲ್ಕರಿಂದ ಆರು ತಾಸು. ಇಬ್ಬರು ಮೂವರ ನಡುವೆ, ಊಟದ ಹೊತ್ತಿನಲ್ಲಿ.

ಮೂರನೆಯ ವಾರ: ಅಂಗಳ, ಓಣಿ, ಹೊಲದ ದಾರಿ. ದೂರವಾಣಿ ಮಾತನ್ನೂ ಅಭ್ಯಾಸ ಮಾಡಿ.

ನಾಲ್ಕನೆಯ ವಾರ: ಸಂತೆ, ಬಸ್ ನಿಲ್ದಾಣ, ಮಸೀದಿ. ಆಮೇಲೆ ಎದ್ದಾಗಿನಿಂದ ಮಲಗುವವರೆಗೆ.

ಯಾವ ಸದ್ದು ನೋವು ಕೊಡುತ್ತದೆ, ಯಾರ ಮಾತು ತಿಳಿಯುವುದಿಲ್ಲ ಎಂಬುದನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿಟ್ಟುಕೊಂಡು ಮರಳಿ ಆಡಿಯಾಲಜಿಸ್ಟ್ ಬಳಿ ಹೋಗಿ. ಡಿಜಿಟಲ್ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಮತ್ತೆ ಹೊಂದಿಸಬಹುದು. ಹೆಚ್ಚಿನವರಿಗೆ ಎರಡು ಮೂರು ಸಲ ಹೊಂದಿಸಬೇಕಾಗುತ್ತದೆ. ಮೊದಲ ಸಲವೇ ಸರಿಯಾಗಲಿಲ್ಲವೆಂದು ಕೈಬಿಡುವುದರಿಂದಲೇ ಯಂತ್ರ ಕಪಾಟು ಸೇರುತ್ತದೆ.

ಒಂದು ಮಿತಿಯನ್ನೂ ತಿಳಿದಿರಿ. ವಿಜಯಪುರದ ಗೋಲಗುಮ್ಮಟದೊಳಗೆ ನಿಂತು ಮಾತಾಡಿದರೆ ಒಂದೇ ದನಿ ಹಲವು ಸಲ ಮರುಕಳಿಸುತ್ತದೆ. ಅಲ್ಲಿ ಚೆನ್ನಾಗಿ ಕಿವಿ ಕೇಳುವವರಿಗೂ ಮಾತು ತಿಳಿಯುವುದಿಲ್ಲ. ಬರಿಗೋಡೆಯ ದೊಡ್ಡ ಸಭಾಂಗಣದಲ್ಲಿ ಯಂತ್ರ ಹಾಕಿದವರಿಗೆ ಆಗುವುದೂ ಇದೇ. ಜುಮಾ ಖುತ್ಬಾ ಕೇಳುವಾಗ ಇಮಾಮರ ಮುಖ ಕಾಣುವಂತೆ ಮುಂದೆ ಕೂರಿ, ಆದರೆ ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕ ಬೇಡ.

ವುಝೂ ಮತ್ತು ಯಂತ್ರ

ಶ್ರವಣ ಯಂತ್ರದ ಮೊದಲ ಶತ್ರು ತೇವ. ದಿನಕ್ಕೆ ಹಲವು ಸಲ ವುಝೂ ಮಾಡುವವರು, ಕಿವಿಗೆ ಮಸಹ್ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೀರು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ನೀರಿಗೆ ಒಡ್ಡಬೇಡಿ.

ಬೆಳಿಗ್ಗೆ ಫಜ್ರ್‌ನ ವುಝೂ ಮುಗಿದ ಮೇಲೆಯೇ ಯಂತ್ರ ಧರಿಸಿ. ಉಳಿದ ಹೊತ್ತಿನಲ್ಲಿ ನೀರು ಮುಟ್ಟುವ ಮುಂಚೆಯೇ, ಕೈ ಒಣಗಿರುವಾಗ ತೆಗೆಯಿರಿ. ತೆಗೆದದ್ದನ್ನು ಹೌಜಿನ ಕಟ್ಟೆಯ ಮೇಲಾಗಲಿ, ಕರವಸ್ತ್ರದಲ್ಲಾಗಲಿ ಇಡಬೇಡಿ. ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿ. ವುಝೂ ಆದ ಮೇಲೆ ಕಿವಿಯ ಹಾಲೆ, ಕಿವಿಯ ಹಿಂಭಾಗ, ಕಿವಿಯ ಬಾಯಿ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಒಂದೆರಡು ನಿಮಿಷ ಬಿಟ್ಟು ಧರಿಸಿ. ಸ್ನಾನ ಮತ್ತು ಗುಸ್ಲ್‌ಗೂ ಇದೇ ಕ್ರಮ. ಇಶಾ ನಂತರ ಮಲಗುವಾಗ ತೆಗೆದು ಸ್ವಚ್ಛ ಮಾಡಿ ಇಡಿ. ಹೀಗೆ ನಮಾಝಿನ ಹೊತ್ತುಗಳಿಗೇ ಜೋಡಿಸಿಕೊಂಡರೆ ಮರೆಯುವುದಿಲ್ಲ.

ಬಿಗಿಯಾದ ಟೋಪಿ ಅಥವಾ ದಪ್ಪ ದುಪಟ್ಟಾ ಯಂತ್ರದ ಮೈಕನ್ನು ಒತ್ತಿದರೆ ಸರಸರ ಸದ್ದು, ಸಿಳ್ಳೆ ಬರುತ್ತದೆ. ಹೆಣ್ಣುಮಕ್ಕಳು ಕಿವಿಯ ಮೇಲೆ ತೆಳುವಾದ ಬಟ್ಟೆಯನ್ನು ಸಡಿಲವಾಗಿ ಹೊದ್ದರೆ ತೊಂದರೆ ಕಡಿಮೆ. ಅತ್ತರ್ ಮತ್ತು ತಲೆಎಣ್ಣೆ ಮೊದಲು ಹಚ್ಚಿಕೊಂಡು, ಕೈ ತೊಳೆದು ಒರೆಸಿಕೊಂಡು, ಆಮೇಲೆ ಯಂತ್ರ ಮುಟ್ಟಿ.

ರಾತ್ರಿಯ ಐದು ನಿಮಿಷ

1. ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಇಡೀ ಯಂತ್ರ ಒರೆಸಿ. ನೀರು, ಸ್ಪಿರಿಟ್, ಸ್ಯಾನಿಟೈಸರ್ ಬೇಡ.

2. ಯಂತ್ರದ ಜೊತೆ ಕೊಟ್ಟ ಪುಟ್ಟ ಬ್ರಶ್‌ನಿಂದ, ಶಬ್ದ ಬರುವ ತುದಿಯನ್ನು ಕೆಳಮುಖ ಹಿಡಿದು ಗುಗ್ಗೆ ಉದುರಿಸಿ. ಪಿನ್ನು, ಸೂಜಿ, ಬೆಂಕಿಕಡ್ಡಿ ತೂರಿಸಬೇಡಿ.

3. ಕಿವಿಯ ಹಿಂದೆ ಧರಿಸುವ ಯಂತ್ರಕ್ಕೆ ಅಚ್ಚು ಮತ್ತು ಕೊಳವೆ ಇದ್ದರೆ, ವಾರಕ್ಕೊಮ್ಮೆ ಅವನ್ನು ಮಾತ್ರ ಯಂತ್ರದಿಂದ ಬಿಡಿಸಿ ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆಯಿರಿ. ಕೊಳವೆಯಲ್ಲಿ ಹನಿ ಉಳಿಯದಂತೆ ಗಾಳಿ ಊದುವ ರಬ್ಬರ್ ಬುಗ್ಗೆಯಿಂದ ಊದಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

4. ಬ್ಯಾಟರಿಯ ಬಾಗಿಲು ತೆರೆದು, ಸಿಲಿಕಾ ಜೆಲ್ ಹರಳುಗಳಿರುವ ಒಣ ಡಬ್ಬಿಯಲ್ಲಿಡಿ. ಹರಳಿನ ಬಣ್ಣ ಬದಲಾದರೆ ಅದು ತೇವ ಕುಡಿದಿದೆ ಎಂದರ್ಥ. ಬೇರೆ ಹರಳು ಹಾಕಿ.

ಬಿಸಿಲು ಯಂತ್ರದ ಎರಡನೆಯ ಶತ್ರು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಒಣಗಲೆಂದು ಮಾಳಿಗೆಯ ಮೇಲಿಡುವುದು, ಬೈಕಿನ ಡಿಕ್ಕಿಯಲ್ಲಿಡುವುದು, ಒಲೆಯ ಪಕ್ಕ ಇಡುವುದು ಬೇಡ. ರಾಶಿ ಮಾಡುವಾಗ, ಹಿಟ್ಟಿನ ಗಿರಣಿಯಲ್ಲಿ ಧೂಳು ಹೆಚ್ಚು. ಅಲ್ಲಿ ತೆಗೆದಿಡುವುದೇ ಲೇಸು.

ಬ್ಯಾಟರಿ: ಉಳಿತಾಯ ಮತ್ತು ಎಚ್ಚರ

ಗುಂಡಿಯಂಥ ಈ ಬ್ಯಾಟರಿಗಳಿಗೆ ಬಣ್ಣದ ಗುರುತಿದೆ. ಹಳದಿ ಅಂಟುಪಟ್ಟಿಯದು 10ನೇ ನಂಬರು, ಕಂದು 312, ಕಿತ್ತಳೆ 13, ನೀಲಿ 675. ನಂಬರಲ್ಲದಿದ್ದರೆ ಬಣ್ಣವನ್ನಾದರೂ ನೆನಪಿಡಿ. ಇವು ಗಾಳಿಯಿಂದ ಚಾಲೂ ಆಗುವ ಬ್ಯಾಟರಿಗಳು. ಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಒಮ್ಮೆ ಪಟ್ಟಿ ಕಿತ್ತರೆ ಬಳಸದಿದ್ದರೂ ಸವೆಯುತ್ತವೆ, ಆದ್ದರಿಂದ ಬೇಕಾದಾಗಲೇ ಕೀಳಿ. ಹಳ್ಳಿಯ ಅಂಗಡಿಯಲ್ಲಿ ಇವು ಸಿಗುವುದು ಕಷ್ಟ. ಪಟ್ಟಣಕ್ಕೆ ಹೋದಾಗ ಒಂದು ಶೀಟ್ ಹೆಚ್ಚು ತಂದಿಡಿ. ಚಾರ್ಜ್ ಮಾಡುವ ಯಂತ್ರವಾದರೆ ಅದನ್ನು ಒರೆಸಿ ಒಣಗಿಸಿಯೇ ಚಾರ್ಜರಿನಲ್ಲಿಡಿ.

ಮಕ್ಕಳಿರುವ ಮನೆಯಲ್ಲಿ ಬಳಸಿದ ಬ್ಯಾಟರಿಯನ್ನೂ ಎಲ್ಲೆಂದರಲ್ಲಿ ಬಿಸಾಡಬೇಡಿ. ಮಗು ಅದನ್ನು ನುಂಗಿದರೆ, ಮೂಗಿಗೆ ಅಥವಾ ಕಿವಿಗೆ ತೂರಿಸಿಕೊಂಡರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಸಿಳ್ಳೆ ಬಂದರೆ, ಸದ್ದೇ ಬಾರದಿದ್ದರೆ

ಯಂತ್ರದಿಂದ ಹೊರಬಂದ ಶಬ್ದ ಮತ್ತೆ ಮೈಕಿಗೆ ಹೊಕ್ಕರೆ ಸಿಳ್ಳೆ ಬರುತ್ತದೆ. ಮೊದಲು ತೆಗೆದು ಸರಿಯಾಗಿ ಕೂರಿಸಿ. ಆಗಲೂ ನಿಲ್ಲದಿದ್ದರೆ ಕಿವಿಯಲ್ಲಿ ಗುಗ್ಗೆ ಇರಬಹುದು, ಕೊಳವೆ ಬಿರುಕು ಬಿಟ್ಟಿರಬಹುದು, ಅಚ್ಚು ಸಡಿಲಾಗಿರಬಹುದು. ಬೆಳೆಯುವ ಮಕ್ಕಳ ಕಿವಿ ದೊಡ್ಡದಾಗುತ್ತಾ ಹೋಗುವುದರಿಂದ ಅವರ ಅಚ್ಚನ್ನು ಆಗಾಗ ಬದಲಿಸಬೇಕಾಗುತ್ತದೆ.

ಸದ್ದೇ ಬಾರದಿದ್ದರೆ ಕ್ರಮವಾಗಿ ನೋಡಿ: ಚಾಲೂ ಇದೆಯೇ? ಬ್ಯಾಟರಿ ಉಲ್ಟಾ ಕೂತಿದೆಯೇ? ಹೊಸ ಬ್ಯಾಟರಿ ಹಾಕಿದರೆ? ತುದಿಯಲ್ಲಿ ಗುಗ್ಗೆ ಕಟ್ಟಿದೆಯೇ? ಕೊಳವೆಯಲ್ಲಿ ನೀರಹನಿ ಇದೆಯೇ? ಇಷ್ಟರಲ್ಲಿ ಬಹಳಷ್ಟು ತೊಂದರೆ ಮನೆಯಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ಬಿಚ್ಚಬೇಡಿ, ಮೊಬೈಲ್ ರಿಪೇರಿ ಅಂಗಡಿಗೂ ಕೊಡಬೇಡಿ. ಕೊಟ್ಟವರ ಬಳಿಗೇ ಒಯ್ಯಿರಿ.

ಮನೆಯವರು ಮಾಡಬೇಕಾದದ್ದು

ಅರ್ಧ ಕೆಲಸ ಯಂತ್ರದ್ದು, ಅರ್ಧ ಮನೆಯವರದು. ಮಾತಿಗೆ ಮೊದಲು "ಅಬ್ಬಾ" ಎಂದು ಕರೆದು ಅವರು ತಿರುಗಿ ನೋಡಲಿ. ಮೂರು ನಾಲ್ಕು ಅಡಿ ದೂರದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ಎದುರು ಕೂರಿ. ಚೀರಬೇಡಿ, ಚೀರಿದರೆ ಮಾತು ಇನ್ನೂ ಒಡೆದು ಕೇಳುತ್ತದೆ. ನಿಧಾನವಾಗಿ, ಬಿಡಿಸಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ. "ಏನಿಲ್ಲ ಬಿಡಿ" ಎಂದು ಮಾತ್ರ ಹೇಳಬೇಡಿ. ಹಿರಿಯರನ್ನು ಮೂಲೆಗೆ ತಳ್ಳುವುದು ಆ ಮಾತೇ.

ಮಕ್ಕಳ ವಿಷಯದಲ್ಲಂತೂ ತಡಮಾಡುವಂತಿಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಯಂತ್ರ ಎಂಬುದು ತಜ್ಞರು ಒಪ್ಪಿದ ಕ್ರಮ. ಕೇಳದ ಮಗು ಮಾತು ಕಲಿಯುವುದಿಲ್ಲ. "ದೊಡ್ಡವನಾದಂತೆ ಮಾತಾಡ್ತಾನ" ಎಂದು ಕಾದರೆ ಕಲಿಯುವ ವಯಸ್ಸೇ ದಾಟುತ್ತದೆ. ಹೆಣ್ಣುಮಗಳು ಯಂತ್ರ ಹಾಕಿದರೆ ಸಂಬಂಧ ಕೂಡಿಬರುವುದಿಲ್ಲವೆಂದು ಬಚ್ಚಿಡುವವರಿದ್ದಾರೆ. ಯಂತ್ರ ಬಚ್ಚಿಟ್ಟರೆ ಶ್ರವಣದೋಷ ಮರೆಯಾಗುವುದಿಲ್ಲ, ಆಕೆಯ ಓದು ಮತ್ತು ಮಾತು ಹಿಂದೆ ಬೀಳುತ್ತವೆ.

ಎಲ್ಲಿ ಹೋಗಬೇಕು?

ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಅಲ್ ಅಮೀನ್ ವೈದ್ಯಕೀಯ ಕಾಲೇಜು, ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇವೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹಣವಿಲ್ಲವೆಂದು ಸುಮ್ಮನಿರಬೇಡಿ. ಕೇಂದ್ರ ಸರಕಾರದ ಅಡಿಪ್ ಯೋಜನೆ 1981ರಿಂದ ಇದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ ಇರುವವರು ಅದರಲ್ಲಿ ಶ್ರವಣ ಯಂತ್ರ ಪಡೆಯಬಹುದು. ಒಮ್ಮೆ ಪಡೆದವರು ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. 60 ದಾಟಿದ ಬಿ.ಪಿ.ಎಲ್. ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ಯಂತ್ರ ಉಚಿತವಾಗಿ ಸಿಗುತ್ತದೆ. ಅರ್ಜಿ, ಶಿಬಿರದ ದಿನ ತಿಳಿಯಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಶಿಬಿರದಲ್ಲಿ ಯಂತ್ರ ಪಡೆದ ದಿನವೇ ಹಾಕುವುದು, ತೆಗೆಯುವುದು, ಬ್ಯಾಟರಿ ಬದಲಿಸುವುದನ್ನು ಮನೆಯ ಒಬ್ಬ ಯುವಕ ಅಥವಾ ಯುವತಿ ನೋಡಿ ಕಲಿಯಲಿ. ಹಿರಿಯರ ಕಣ್ಣು ಮಂದವಾಗಿ ಕೈ ನಡುಗುವಾಗ ಈ ಕೆಲಸ ಅವರೊಬ್ಬರಿಂದ ಆಗದು.

ನಿಮ್ಮ ಮನೆಯ ಕಪಾಟಿನಲ್ಲಿ ಅಂಥ ಡಬ್ಬಿ ಇದ್ದರೆ ಇಂದೇ ಹೊರಗೆ ತೆಗೆಯಿರಿ. ಒರೆಸಿ, ಹೊಸ ಬ್ಯಾಟರಿ ಹಾಕಿ, ಹಿರಿಯರ ಕಿವಿಗೆ ನೀವೇ ಕೂರಿಸಿ, ಟಿ.ವಿ. ಆರಿಸಿ, ಎದುರು ಕೂತು ಅರ್ಧ ತಾಸು ಮಾತಾಡಿ. ನಾಳೆಯೂ ಅದೇ ಹೊತ್ತಿಗೆ ಮಾಡಿ. ಕೇಳುವ ಶಕ್ತಿ ಅಲ್ಲಾಹನು ಕೊಟ್ಟ ಅನುಗ್ರಹ. ಅದರಲ್ಲಿ ಉಳಿದಿರುವಷ್ಟನ್ನಾದರೂ ಬಳಕೆಗೆ ತರುವುದು ನಮ್ಮ ಕೈಯಲ್ಲಿದೆ.