ಕೇಳಿದವನ ಮನೆಯೂ ಕೈಕೊಂಡವನ ಮನೆಯೂ

ಓದತಕ್ಕ ಭಾಗಗಳು: ಮತ್ತಾಯ ೭: ೨೪–೨೭, ಲೂಕ ೬: ೪೬–೪೯, ವಿಮೋಚನಕಾಂಡ ೨೦: ೧–೧೭.



ಅಥಣಿ ತಾಲೂಕಿನ ಸತ್ತಿಯೇ ಮೊದಲಾದ ಕೃಷ್ಣಾತೀರದ ಊರುಗಳವರಿಗೆ, ನಮ್ಮ ಕರ್ತನು ಹೇಳಿದ ಎರಡು ಮನೆಗಳ ಸಾಮ್ಯವನ್ನು ಬಹಳವಾಗಿ ವಿವರಿಸಬೇಕಾದದ್ದಿಲ್ಲ. ೨೦೦೫ರಲ್ಲಿಯೂ ೨೦೧೯ರ ಆಗಸ್ಟ್ ತಿಂಗಳಲ್ಲಿಯೂ ಘಟ್ಟಗಳಲ್ಲಿ ಸುರಿದ ಮಳೆಯಿಂದ ಹೊಳೆಯು ದಡ ಮೀರಿ ಬಂದಾಗ ಕಬ್ಬಿನ ಹೊಲಗಳು ಮುಳುಗಿದವು, ಮಣ್ಣಿನ ಗೋಡೆಗಳು ನೆನೆದು ಬಿದ್ದವು, ಜನರು ದನಕರುಗಳನ್ನು ಹೊಡಕೊಂಡು ಎತ್ತರದ ಸ್ಥಳಗಳಿಗೆ ಹೋದರು. ಎರೆಭೂಮಿಯ ಗುಣವನ್ನೂ ನೀವು ಬಲ್ಲಿರಿ. ಅದು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆದಕಾರಣ ತಿಳುವಳಿಕೆಯುಳ್ಳವನು ಎರೆಯನ್ನು ತೆಗೆದು ಗಟ್ಟಿಯಾದ ಗರಸು ಸಿಕ್ಕುವ ತನಕ ಅಗಿದು ಪಾಯಾ ಹಾಕುತ್ತಾನೆ. ಆಳವಾಗಿ ಅಗಿದವನ ಮಾತನ್ನೇ ಲೂಕನೂ ಬರೆದಿದ್ದಾನೆ.

೧. ಆ ಇಬ್ಬರಲ್ಲಿ ಭೇದವೇನು?

ಉಸುಬಿನ ಮೇಲೆ ಕಟ್ಟಿದವನು ದೇವರ ವಾಕ್ಯವನ್ನು ಕೇಳದವನೆಂದು ನಾವು ಎಣಿಸಬಾರದು. ಇಬ್ಬರೂ ಕೇಳಿದರು. ಇಬ್ಬರ ಮನೆಗೂ ಒಂದೇ ಮಳೆ ಹೊಡೆಯಿತು. ಒಬ್ಬನು ಕೇಳಿದ್ದನ್ನು ಕೈಕೊಂಡನು, ಮತ್ತೊಬ್ಬನು ಕೇಳಿ ಎದ್ದು ಹೋದನು, ಇಷ್ಟೇ ಭೇದ. ನಮ್ಮ ಸೀಮೆಯಲ್ಲಿ ಕೇಳುವದಕ್ಕೆ ಕೊರತೆಯಾಗಲಿಲ್ಲ. ಲಂಡನ್ ಮಿಶನಿನ ಜೋಸೆಫ್ ಟೇಲರ್ ಎಂಬವರು ೧೮೨೦ರಲ್ಲಿ ಬೆಳಗಾವಿಯಲ್ಲಿ ಸೇವೆಯನ್ನು ಆರಂಭಿಸಿದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮುಂತಾದವರ ಪ್ರಯಾಸದಿಂದ ೧೮೩೧ರೊಳಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಇಷ್ಟು ಕಾಲ ಕೇಳಿದ ನಾವು ಎಷ್ಟನ್ನು ಕೈಕೊಂಡಿದ್ದೇವೆಂದು ವಿಚಾರಿಸಿಕೊಳ್ಳೋಣ.

೨. ಆಜ್ಞೆಯು ನಮ್ಮ ಬಾಗಿಲಿಗೆ ಬರುವ ವಿಧ

ಒಂಭತ್ತನೆಯ ಆಜ್ಞೆಯನ್ನು ತೆಗೆದುಕೊಳ್ಳೋಣ. ಸುಳ್ಳುಸಾಕ್ಷಿಯೆಂದರೆ ಕೋರ್ಟಿನ ಮಾತೆಂದು ಅನೇಕರು ತಿಳಿಯುತ್ತಾರೆ. ಆದರೆ ೨೦೧೯ರ ನೆರೆಯ ತರುವಾಯ ಸರಕಾರವು ಪೂರ್ತಿ ಬಿದ್ದ ಮನೆಯನ್ನು ತಿರುಗಿ ಕಟ್ಟಿಕೊಳ್ಳುವದಕ್ಕೆ ೫ ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿದ್ದನ್ನು ನೆನಸಿರಿ. ಅಂಥ ಕಾಲದಲ್ಲಿ ಒಬ್ಬನ ಗೋಡೆಯು ಬಿರುಕು ಬಿಟ್ಟಿದೆ, ಬಿದ್ದಿಲ್ಲ ಎಂದಿಟ್ಟುಕೊಳ್ಳಿರಿ. ಅವನಿಗೆ ಸಾಲವಿದೆ, ಮಗಳ ಮದುವೆ ಹತ್ತಿರವಿದೆ. ತಲಾಠಿಯವರು ಬರುವದಕ್ಕಿಂತ ಮುಂಚೆ ಅವನು ನಿಮ್ಮ ಬಳಿಗೆ ಬಂದು, ‘ಅಣ್ಣಾ, ಮನೆ ಬಿದ್ದಿತೆಂದು ಪಂಚನಾಮೆಗೆ ಒಂದು ಸಹಿ ಮಾಡು, ಸರಕಾರದ ಹಣ, ಯಾರ ಮನೆಯ ಗಂಟು ಹೋಗುತ್ತದೆ?’ ಎನ್ನುತ್ತಾನೆ. ಸೀನಾಯಿ ಬೆಟ್ಟದಲ್ಲಿ ಕೊಟ್ಟ ಆಜ್ಞೆಯು ಆ ಗಳಿಗೆಯಲ್ಲಿ ನಿಮ್ಮ ಬಾಗಿಲಲ್ಲಿ ನಿಂತಿದೆ.

ಯಾರ ಗಂಟು ಹೋಗುತ್ತದೆ? ನಿಜವಾಗಿ ಮನೆ ಬಿದ್ದು ಗುಡಿಸಲಲ್ಲಿರುವ ವಿಧವೆಯದು. ಸುಳ್ಳು ಸೇರಿದಲ್ಲಿ ನಿಜ ಹೇಳಿದವರ ಮೇಲೆಯೂ ಸಂಶಯ ಬೀಳುತ್ತದೆ, ಅವಳು ಕಾಯಬೇಕಾಗುತ್ತದೆ. ಆದದರಿಂದಲೇ ಈ ಆಜ್ಞೆಯಲ್ಲಿ ನೆರೆಯವನ ಹೆಸರು ಸೇರಿದೆ. ದೇವರ ಒಂದೊಂದು ಆಜ್ಞೆಯ ಹಿಂದೆ ಆತನು ಕಾಯುವ ಒಬ್ಬ ಬಡವನಿದ್ದಾನೆ.

ಸಹಿ ಮಾಡದವನಿಗೆ ಲಾಭವಾಗುವದೆಂದು ನಾವು ಹೇಳುವದಿಲ್ಲ. ನೆರೆಯವನು ಮುನಿದು ಮಾತು ಬಿಟ್ಟಾನು. ಸ್ವಂತ ಬಡತನವೂ ತೀರಲಿಕ್ಕಿಲ್ಲ. ಬಂಡೆಯ ಮೇಲಿನ ಮನೆಗೂ ಪ್ರವಾಹವು ಬಡಿಯಿತಷ್ಟೆ. ಆದರೆ ಆ ಮನೆ ಬೀಳಲಿಲ್ಲ. ‘ಆಗದು’ ಎಂದು ಹೇಳುವವನು ಬರಿಗೈಯಲ್ಲಿ ಹೇಳಿ ಸುಮ್ಮನಿರದೆ, ಆ ನೆರೆಯವನ ಬಿರುಕು ಮುಚ್ಚುವದಕ್ಕೆ ಒಂದು ದಿವಸದ ಕೆಲಸವನ್ನು ಕೊಡಲಿ. ಪ್ರೀತಿಯು ಆಜ್ಞೆಗೆ ವಿರೋಧವಲ್ಲ.

೩. ಇದರಿಂದ ರಕ್ಷಣೆಯನ್ನು ಸಂಪಾದಿಸುತ್ತೇವೋ?

ಇಲ್ಲ. ವಿಮೋಚನಕಾಂಡದ ಕ್ರಮವನ್ನು ನೋಡಿರಿ. ದೇವರು ಮೊದಲು ಇಸ್ರಾಯೇಲ್ಯರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿ ಸಮುದ್ರ ದಾಟಿಸಿದನು. ತರುವಾಯ ಆಜ್ಞೆಗಳನ್ನು ಕೊಟ್ಟನು. ಬಿಡುಗಡೆಯಾದ ಜನವು ನಡೆಯುವ ದಾರಿ ಅದು. ಕೂಲಿಯವನು ಕೂಲಿಗಾಗಿ ದುಡಿಯುತ್ತಾನೆ, ಮಗನು ತಂದೆಯ ಮನೆಯೆಂದು ದುಡಿಯುತ್ತಾನೆ. ಕ್ರಿಸ್ತನು ತನ್ನ ರಕ್ತದಿಂದ ನಮ್ಮನ್ನು ಕೊಂಡುಕೊಂಡಿದ್ದಾನೆ. ಆತನನ್ನು ಪ್ರೀತಿಸುವವರು ಆತನ ಆಜ್ಞೆಗಳನ್ನು ಕೈಕೊಳ್ಳುತ್ತಾರೆಂದು ಯೋಹಾನನ ೧೪ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಈಗಾಗಲೇ ಸುಳ್ಳಿಗೆ ಕೈಹಾಕಿದವನು ಏನು ಮಾಡಬೇಕು? ಲೂಕ ೧೯ರಲ್ಲಿ ಜಕ್ಕಾಯನನ್ನು ನೋಡಿರಿ. ಕರ್ತನು ಮೊದಲು ಅವನ ಮನೆಗೆ ಬಂದನು; ಬಳಿಕ ಅವನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದನು. ತಿರುಗಿ ಕೊಡುವದು ನಾಚಿಕೆಯ ಕೆಲಸ, ಕಷ್ಟದ ಕೆಲಸ. ಒಮ್ಮೆಲೆ ಆಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಆಗಲಿ. ಉಸುಬಿನ ಮೇಲೆ ಕಟ್ಟಿದವನು ಹೊಳೆ ಏರುವದಕ್ಕಿಂತ ಮುಂಚೆ ಗೋಡೆ ಇಳಿಸಿ, ಗರಸು ಸಿಕ್ಕುವ ತನಕ ಅಗಿಯಬಹುದು.

ಮನೆಯವರೆಲ್ಲರೂ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಇಬ್ಬರೂ ಕೇಳಿದರಲ್ಲಾ, ಒಬ್ಬನ ಮನೆ ಮಾತ್ರ ಬಿದ್ದದ್ದು ಯಾಕೆ?
೨. ನಮ್ಮ ಸಹಿ, ನಮ್ಮ ಅಳತೆ, ನಮ್ಮ ಮಾತು, ಇವುಗಳಲ್ಲಿ ಯಾವದರಿಂದ ಯಾವ ನೆರೆಯವನಿಗೆ ನಷ್ಟವಾಗಿದೆ?
೩. ಈ ವಾರ ನಾವು ಕೇಳಿದ ವಾಕ್ಯದಲ್ಲಿ ಕೈಕೊಳ್ಳಬೇಕಾದ ಒಂದು ಮಾತು ಯಾವದು?

ಕೇಳುವ ಕಿವಿಯನ್ನು ಕೊಟ್ಟ ದೇವರು ಕೈಕೊಳ್ಳುವ ಮನಸ್ಸನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ.