ಹಿತ್ತಲ ಕೋಳಿಗಳ ಮೇವಿಗೆ ಪೂರಕಗಳನ್ನು ಬೆರೆಸುವ ಕ್ರಮ

ಮನೆಯ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವ ರೈತ ಕುಟುಂಬಗಳಲ್ಲಿ ಆಗಾಗ ಹೀಗಾಗುತ್ತದೆ. ಮೊಟ್ಟೆಯ ಚಿಪ್ಪು ತೆಳುವಾಯಿತೆಂದು ಪೇಟೆಯಿಂದ ಖನಿಜ ಮಿಶ್ರಣದ ಪೊಟ್ಟಣ ತರಲಾಗುತ್ತದೆ. ಸಂಜೆ ರಾಗಿಯನ್ನೋ ಜೋಳದ ನುಚ್ಚನ್ನೋ ಚೆಲ್ಲುವಾಗ ಅದರ ಮೇಲೆ ಒಂದು ಚಮಚ ಪುಡಿ ಉದುರಿಸಲಾಗುತ್ತದೆ. ಎರಡು ತಿಂಗಳು ಕಳೆದರೂ ಚಿಪ್ಪು ಗಟ್ಟಿಯಾಗುವುದಿಲ್ಲ. ಪುಡಿ ಕಳಪೆಯೆಂದು ಪೊಟ್ಟಣ ಅಟ್ಟ ಸೇರುತ್ತದೆ.

ತಪ್ಪು ಬಹುಮಟ್ಟಿಗೆ ಪುಡಿಯದಲ್ಲ. ಕೋಳಿ ಕೊಕ್ಕಿನಿಂದ ಆರಿಸಿ ತಿನ್ನುವ ಪಕ್ಷಿ. ದಪ್ಪ ಕಾಳು ಮೊದಲು, ನುಚ್ಚು ಆಮೇಲೆ; ನುಣ್ಣನೆಯ ಪುಡಿ ಮಣ್ಣಿನಲ್ಲೇ ಉಳಿಯುತ್ತದೆ. ಮಂದೆಯಲ್ಲಿ ಜೋರಿರುವ ಹೇಂಟೆ ಪಾಲಿಗಿಂತ ಹೆಚ್ಚು ನುಂಗಿದರೆ ಬಡಕಲು ಹೇಂಟೆಗೆ ಏನೂ ದಕ್ಕದು. ಪೂರಕಗಳನ್ನು ಕೊಡುವುದೆಷ್ಟು ಮುಖ್ಯವೋ ಬೆರೆಸುವ ಕ್ರಮವೂ ಅಷ್ಟೇ ಮುಖ್ಯ.

ಎಲ್ಲ ಕೋಳಿಗೂ ಒಂದೇ ಅಳತೆ ಸಲ್ಲದು. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟು, ಕಾವಿಗೆ ಕುಳಿತು, ಉಳಿದ ಕಾಲ ತಿಪ್ಪೆ ಕೆದಕಿ ಹುಳು ಹುಪ್ಪಟೆ, ಗರಿಕೆ, ಸೊಪ್ಪು ತಿಂದು ಬದುಕುತ್ತದೆ. ಅದಕ್ಕೆ ಸಂಜೆಯ ಹಿಡಿ ಕಾಳಿನೊಂದಿಗೆ ಚಿಪ್ಪಿನ ಚೂರು ಸಿಕ್ಕರೆ ಸಾಕು. ದುಬಾರಿ ಜೀವಸತ್ವದ ದ್ರಾವಣ ಕೊಂಡು ತರುವುದು ದಂಡದ ಖರ್ಚು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾದಂತಹ ಸುಧಾರಿತ ತಳಿಗಳ ಮಾತು ಬೇರೆ. ನಾಟಿ ಕೋಳಿಯ ಎರಡು ಮೂರು ಪಟ್ಟು ಮೊಟ್ಟೆ ಇಡುವ ಈ ಹೇಂಟೆಗಳಿಗೆ ಹಿತ್ತಲ ಮೇವೊಂದೇ ಸಾಲದು. ದಿನಕ್ಕೆ ಒಂದಕ್ಕೆ 40ರಿಂದ 50 ಗ್ರಾಂ ಸಮತೋಲ ಆಹಾರವನ್ನು ಸಂಜೆ ಕೊಡಬೇಕಾಗುತ್ತದೆ.

ಇಪ್ಪತ್ತು ಹೇಂಟೆಗಳಿಗೆ ಹತ್ತು ದಿನಕ್ಕಾಗುವ 10 ಕಿಲೋ ಆಹಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮುಸುಕಿನ ಜೋಳದ ನುಚ್ಚು 5 ಕಿಲೋ, ಅಕ್ಕಿ ತೌಡು 2 ಕಿಲೋ, ಕಡಲೆಕಾಯಿ ಹಿಂಡಿಯ ಪುಡಿ 2 ಕಿಲೋ, ಒಣ ಮೀನಿನ ಪುಡಿ 700 ಗ್ರಾಂ, ಕೋಳಿಗಳಿಗೆಂದೇ ತಯಾರಾದ ಖನಿಜ ಮಿಶ್ರಣ 270 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಶೇಕಡಾ 18ರ ಆಸುಪಾಸಿನಲ್ಲಿ ಸಸಾರಜನಕ ದೊರೆಯುತ್ತದೆ. ಜೋಳದ ಅರ್ಧ ಭಾಗಕ್ಕೆ ಬದಲಾಗಿ ರಾಗಿ ಬಳಸಬಹುದು. ಮೀನಿಗೆ ಉಪ್ಪು ಹಾಕಿ ಒಣಗಿಸಿದ್ದರೆ ಬೇರೆ ಉಪ್ಪು ಸೇರಿಸಲೇಬಾರದು. ದನಗಳಿಗೆಂದು ಮಾರುವ ಖನಿಜದ ಇಟ್ಟಿಗೆಯನ್ನು ಕುಟ್ಟಿ ಕೋಳಿಗೆ ಹಾಕುವುದೂ ಸರಿಯಲ್ಲ. ಕೆಲವದರಲ್ಲಿ ಯೂರಿಯಾ ಇರುತ್ತದೆ, ಕೋಳಿಗೆ ಅದರಿಂದ ಕೆಡುಕೇ ಹೊರತು ಪ್ರಯೋಜನವಿಲ್ಲ.

ಬೆರೆಸುವ ವಿಧಾನ

30 ಗ್ರಾಂ ಉಪ್ಪನ್ನು 10 ಕಿಲೋ ಕಾಳಿನ ರಾಶಿಯ ಮೇಲೆ ಚೆಲ್ಲಿ ಸಲಿಕೆಯಿಂದ ಎಷ್ಟು ಮಗುಚಿದರೂ ಅದು ಸಮನಾಗಿ ಹರಡುವುದಿಲ್ಲ. ಚಿಕ್ಕ ಅಳತೆಯ ವಸ್ತುವನ್ನು ಅದರಷ್ಟೇ ತೂಕದ ತೌಡಿನಲ್ಲಿ ಕಲಸಿ, ಹಂತಹಂತವಾಗಿ ಇಮ್ಮಡಿ ಮಾಡುತ್ತ ಹೋಗಬೇಕು. ಮೊದಲು ಉಪ್ಪನ್ನು ನುಣ್ಣಗೆ ಪುಡಿಮಾಡಿ ಖನಿಜ ಮಿಶ್ರಣದೊಡನೆ ಸೇರಿಸಿದರೆ 300 ಗ್ರಾಂ ಆಗುತ್ತದೆ. ಇದಕ್ಕೆ 300 ಗ್ರಾಂ ತೌಡು ಹಾಕಿ ಬೋಗುಣಿಯಲ್ಲಿ ಕೈಯಿಂದ ಚೆನ್ನಾಗಿ ಕಲಸಬೇಕು. ಈ 600 ಗ್ರಾಮಿಗೆ ಮತ್ತೆ 600 ಗ್ರಾಂ ತೌಡು. ಅನಂತರ ಉಳಿದ 1,100 ಗ್ರಾಂ ತೌಡು. ಈಗ ಒಟ್ಟು 2 ಕಿಲೋ 300 ಗ್ರಾಂ. ಇದಕ್ಕೆ ಹಿಂಡಿ ಮತ್ತು ಮೀನಿನ ಪುಡಿ ಸೇರಿಸಿದರೆ 5 ಕಿಲೋ. ಕೊನೆಯಲ್ಲಿ ಗೋಣಿ ತಾಟಿನ ಮೇಲೆ 5 ಕಿಲೋ ನುಚ್ಚು ಹರಡಿ, ಅದರ ಮೇಲೆ ಈ ಮಿಶ್ರಣ ಸುರಿದು ನಾಲ್ಕೈದು ಸಲ ರಾಶಿ ಮಗುಚಬೇಕು. ಜೀವಸತ್ವದ ಪುಡಿ ಸೇರಿಸುವುದಿದ್ದರೆ ಪೊಟ್ಟಣದ ಮೇಲಿನ ಪ್ರಮಾಣ ನೋಡಿ, ಅದನ್ನೂ ಮೊದಲ ಹಂತದ ತೌಡಿನಲ್ಲೇ ಕಲಸಬೇಕು. ಖನಿಜಗಳ ಸಂಪರ್ಕದಲ್ಲಿ ಜೀವಸತ್ವಗಳು ಬೇಗ ನಶಿಸುವುದರಿಂದ, ತೌಡೂ ಕಮಟುವುದರಿಂದ, ಹತ್ತು ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಬೆರೆಸಿಡುವುದು ಲೇಸು.

ಕೊಡುವ ಮುನ್ನ ಆ ಹೊತ್ತಿಗೆ ಬೇಕಾದಷ್ಟಕ್ಕೆ ನೀರು ಚಿಮುಕಿಸಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಆಗ ಪುಡಿ ನುಚ್ಚಿಗೆ ಅಂಟಿಕೊಂಡು ಕೋಳಿಗೆ ಆರಿಸಲು ಆಸ್ಪದವಿರದು. ನೆಲದ ಮೇಲೆ ಚೆಲ್ಲದೆ ಉದ್ದನೆಯ ತೊಟ್ಟಿಯಲ್ಲಿಟ್ಟರೆ ಎಲ್ಲವೂ ಸಾಲಾಗಿ ನಿಂತು ತಿನ್ನುತ್ತವೆ. ಉಳಿದ ಹಸಿ ಮೇವನ್ನು ಮರುದಿನಕ್ಕೆ ಇಡಬಾರದು.

ಸುಣ್ಣದಂಶದ ಲೆಕ್ಕ

ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿರುವುದರಿಂದ ರಾಗಿ ತಿನ್ನುವ ಕೋಳಿಗೆ ಚಿಪ್ಪು ಬೇಡವೆಂದು ಕೆಲವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 50 ಗ್ರಾಂ ರಾಗಿಯಲ್ಲಿ ದೊರೆಯುವುದು 0.2 ಗ್ರಾಮಿಗೂ ಕಡಿಮೆ. ಕಪ್ಪೆಚಿಪ್ಪಿನ ಚೂರಾದರೋ 5 ಗ್ರಾಮಿನಲ್ಲೇ ಹತ್ತಿರ ಹತ್ತಿರ 2 ಗ್ರಾಂ ಒದಗಿಸುತ್ತದೆ. ಅದನ್ನು ಮೇವಿನಲ್ಲಿ ಬೆರೆಸದೆ ಬೇರೆ ತಟ್ಟೆಯಲ್ಲಿಡಬೇಕು. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಸಂಜೆ ತಟ್ಟೆ ಖಾಲಿಯಿರಕೂಡದು. ಚೂರು ಜೋಳದ ನುಚ್ಚಿನಷ್ಟು ದಪ್ಪವಿದ್ದರೆ ಜಠರದಲ್ಲಿ ನಿಂತು ನಿಧಾನವಾಗಿ ಕರಗುತ್ತದೆ. ಮನೆಯ ಮೊಟ್ಟೆಯೋಡನ್ನು ಹುರಿದು ಕುಟ್ಟಿಯೂ ಕೊಡಬಹುದು; ಓಡಿನ ಆಕಾರ ಉಳಿದಿದ್ದರೆ ಕೋಳಿಗಳು ಮೊಟ್ಟೆ ಒಡೆದು ತಿನ್ನುವ ಚಟ ಕಲಿಯುತ್ತವೆ. ಗೋಡೆಗೆ ಬಳಿಯುವ ಸುಣ್ಣ ಬಾಯಿ, ಅನ್ನನಾಳವನ್ನು ಸುಡುತ್ತದೆ. ಅದನ್ನು ಮುಟ್ಟಲೇಬಾರದು.

ಹಿಂಡಿಯ ವಿಷಯದಲ್ಲಿ ಎಚ್ಚರ ಅಗತ್ಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಉತ್ಪಾದಿಸಿದ ಅಫ್ಲಾಟಾಕ್ಸಿನ್ ಎಂಬ ವಿಷ. ಇದು ಯಕೃತ್ತನ್ನು ಹಾಳುಮಾಡುತ್ತದೆ; ಬಿಸಿಲಿಗೆ ಒಣಗಿಸಿದರೆ, ಬೇಯಿಸಿದರೆ ಹೋಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಕೋಳಿಗೆ ಬೇಡವೆಂದು ಹಸುವಿನ ಬಾನಿಗೆ ಸುರಿಯುವುದೂ ತಪ್ಪು. ವಿಷ ಹಾಲಿಗೆ ಇಳಿಯುತ್ತದೆ.

'ಬೆಳವಣಿಗೆಗೆ ಟಾನಿಕ್' ಎಂಬ ಹೆಸರಿನ ಪುಡಿಗಳಲ್ಲಿ ಜೀವನಿರೋಧಕ ಔಷಧಿ ಇದೆಯೇ ಎಂದು ಓದಿ ನೋಡಬೇಕು. ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಮರಿಗಳಿರುವ ಮನೆಯಲ್ಲಿ ಇನ್ನೊಂದು ಕೆಲಸ ಉಳಿಯುತ್ತದೆ. ಮೊಟ್ಟೆಯಿಡುವ ಹೇಂಟೆಗೆ ಬೇಕಾದಷ್ಟು ಸುಣ್ಣದಂಶ ಬೆಳೆಯುವ ಮರಿಯ ಮೂತ್ರಪಿಂಡಕ್ಕೆ ಹಾನಿಕರ. ಉಪ್ಪು ಹೆಚ್ಚಾದರೂ ಮೊದಲು ಸಾಯುವುದು ಮರಿಗಳೇ. ಆದ್ದರಿಂದ ಚಿಪ್ಪಿನ ತಟ್ಟೆಯನ್ನು ದೊಡ್ಡ ಹೇಂಟೆಯ ಬೆನ್ನಿನ ಎತ್ತರಕ್ಕೆ ಗೋಡೆಗೆ ಕಟ್ಟಬೇಕು. ಮರಿಗಳ ಮೇವನ್ನು, ಮರಿ ಮಾತ್ರ ನುಸುಳುವಷ್ಟು ಸಂದಿ ಬಿಟ್ಟು ಹೆಣೆದ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಅದರೊಳಗೆ ಪ್ರತ್ಯೇಕವಾಗಿ ಇಡಬೇಕು.